ಇಂದಿನ ಧಮ್ಮ ಚಿಂತನೆ: “ಗುಳಿಗಿ ತಗೊಂಡ್ರಾ?” ಎಂದು ಹೇಗೆ ಕೇಳಬೇಕು



ಭೇದಿಯಿಂದ ನರಳುತ್ತ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವಿನ ಪ್ರಸಂಗ ನಮಗೆಲ್ಲ ಗೊತ್ತು. ಬುದ್ಧರು ನೀರು ಹಾಕಿದರು, ಆನಂದರು ಮೈ ತೊಳೆದರು. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಬುದ್ಧರು ಹೇಳಿದ್ದು ಅಲ್ಲಿಯೇ. ಪ್ರವಚನಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ವಿನಯಪಿಟಕದ ಮಹಾವಗ್ಗದಲ್ಲಿ ಅದು ಮುಂದುವರಿಯುತ್ತದೆ. ಎಂಥ ರೋಗಿಯ ಶುಶ್ರೂಷೆ ಕಷ್ಟ ಎಂದು ಬುದ್ಧರು ಅಲ್ಲಿ 5 ಲಕ್ಷಣಗಳನ್ನು ಹೇಳುತ್ತಾರೆ. ಮೂರನೆಯದು, ಔಷಧಿ ತೆಗೆದುಕೊಳ್ಳದಿರುವುದು. ನಾಲ್ಕನೆಯದು, ತನ್ನ ಹಿತ ಬಯಸುವ ಶುಶ್ರೂಷಕನಿಗೂ ರೋಗ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಇದ್ದದ್ದನ್ನು ಇದ್ದಂತೆ ಹೇಳದಿರುವುದು.

ಈ ಎರಡೂ ಒಂದರ ಪಕ್ಕ ಒಂದು ಬಂದಿರುವುದು ಸುಮ್ಮನೆ ಅಲ್ಲ ಎಂದು ನನಗೆ ಅನಿಸುತ್ತದೆ. ಭಾನುವಾರ ವಂದನೆ ಮುಗಿದ ಮೇಲೆ ವಿಹಾರದಲ್ಲಿ ಬಿ.ಪಿ. ನೋಡುವ ಕೆಲಸ ನನ್ನದು. ಯಂತ್ರ 170/100 ತೋರಿಸುತ್ತಿರುತ್ತದೆ, ಬಾಯಿ “ದಿನಾ ತಗೋತೀನ್ರಿ, ಒಂದ್ ದಿನಾನೂ ಬಿಟ್ಟಿಲ್ಲ” ಎನ್ನುತ್ತದೆ. ಗುಳಿಗೆ ನುಂಗಿಯೂ ಬಿ.ಪಿ. ಏರಿರಬಹುದು, ಆ ಮಾತು ಬೇರೆ. ಆದರೆ ಎಷ್ಟೋ ಸಲ ಅದು ಸುಳ್ಳೇ. ಆ ಸುಳ್ಳು ಆಸ್ಪತ್ರೆಯವರೆಗೂ ಹೋಗುತ್ತದೆ. ಡಾಕ್ಟರು ನಂಬುತ್ತಾರೆ, ಒಂದು ಗುಳಿಗೆ ಸಾಲುತ್ತಿಲ್ಲ ಎಂದು ಎರಡನೆಯದು ಬರೆಯುತ್ತಾರೆ. ಮನೆಯಲ್ಲಿ ಯಾರೋ ಗದರಿಸಿದ ದಿನ ಆತ ಎರಡನ್ನೂ ಒಟ್ಟಿಗೆ ಶುರುಮಾಡಿ, ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಾನೆ.

ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮ 22 ಪ್ರತಿಜ್ಞೆಗಳಲ್ಲಿ ಒಂದು. ಅದನ್ನು ಸ್ವೀಕರಿಸಿದ ಉಪಾಸಕ ವಿಹಾರದಲ್ಲೇ ಕೂತು ಯಾಕೆ ಸುಳ್ಳು ಹೇಳುತ್ತಾನೆ? ಶೀಲ ಕೆಟ್ಟಿತು ಎಂದು ಒಂದು ಮಾತಿನಲ್ಲಿ ಮುಗಿಸಬಹುದು. ಆದರೆ ಪಟಿಚ್ಚಸಮುಪ್ಪಾದ ಓದಿದವರು ಅಷ್ಟಕ್ಕೆ ನಿಲ್ಲಬಾರದು. ಯಾವುದು ಇದ್ದದ್ದರಿಂದ ಈ ಸುಳ್ಳು ಹುಟ್ಟಿತು ಎಂದು ನೋಡಬೇಕು. ನಮ್ಮ ಹಿರಿಯರು ಕಚೇರಿಯ ಕಿಟಕಿ ಮುಂದೆ, ಆಸ್ಪತ್ರೆಯ ಸಾಲಿನಲ್ಲಿ, ಗೌಡರ ಕಟ್ಟೆಯ ಕೆಳಗೆ ನಿಂತು ಬೈಸಿಕೊಂಡವರು. “ನೀವೆಲ್ಲಾ ಹಿಂಗೇ, ಹೇಳಿದ್ದು ಕೇಳಂಗಿಲ್ಲ” ಎಂಬ ಮಾತು ಅವರ ಕಿವಿಗೆ ಹೊಸದಲ್ಲ. ಅಂಥವರಿಗೆ “ಹೌದ್ರಿ” ಎನ್ನುವುದು ಮಳೆ ಬಂದಾಗ ತಲೆಯ ಮೇಲೆ ಎಳೆದುಕೊಳ್ಳುವ ಗೋಣಿಚೀಲ ಇದ್ದ ಹಾಗೆ. ಈಗ ನಮ್ಮವನೇ ಒಬ್ಬ ಬಿ.ಪಿ. ಪಟ್ಟಿ ಹಿಡಿದು ಅದೇ ದನಿಯಲ್ಲಿ ಕೇಳಿದರೆ ಆ ಗೋಣಿಚೀಲ ಮತ್ತೆ ಮೇಲೇರುತ್ತದೆ. ಸುಳ್ಳು ಹೇಳಿದವನ ಪಾಲು ಅವನಿಗೆ ಇದ್ದೇ ಇದೆ. ಹೆದರಿಸಿ ಹೇಳಿಸಿದವನಿಗೂ ಒಂದು ಪಾಲು ಇದೆ ಎಂದು ನಾನು ನಂಬುತ್ತೇನೆ.

ಪ್ರೀತಿಯಿಂದಲೇ ಬೈಯುತ್ತೇವೆ, ತಾಯಿ ಮಗುವಿಗೆ ಬೈಯುವುದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಎದುರಿಗೆ ಕೂತವರು 60 ವರ್ಷ ದುಡಿದ ಮನುಷ್ಯರು, ಮಗು ಅಲ್ಲ. ಮಹಾವಗ್ಗದ ಅದೇ ಭಾಗದಲ್ಲಿ ಒಳ್ಳೆಯ ಶುಶ್ರೂಷಕನ 5 ಲಕ್ಷಣಗಳೂ ಇವೆ. ಲಾಭಕ್ಕಲ್ಲದೆ ಮೈತ್ರಿಯಿಂದ ಸೇವೆ ಮಾಡುವುದು, ವಾಂತಿ ಮಲಕ್ಕೆ ಅಸಹ್ಯಪಡದಿರುವುದು, ಧಮ್ಮದ ಮಾತಿನಿಂದ ರೋಗಿಗೆ ಹುರುಪು ತುಂಬಿ ಸಂತೋಷಪಡಿಸುವುದು, ಇವೆಲ್ಲ ಇವೆ. ಬೈಯುವುದು ಆ ಪಟ್ಟಿಯಲ್ಲಿ ಇಲ್ಲ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. “ಗುಳಿಗಿ ಬಿಟ್ಟಿಲ್ಲ ಹೌದಲ್ರಿ?” ಎಂದರೆ ಅದಕ್ಕೆ ಒಂದೇ ಉತ್ತರ. “ಎಲ್ಲಾರಿಗೂ ಒಂದೊಂದ್ ದಿನ ತಪ್ತದ. ಹೋದ ವಾರ ನಿಮಗ ಎಷ್ಟ್ ದಿನ ತಪ್ತರಿ?” ಎಂದು ಕೇಳಿ ನೋಡಿ, ಬೇರೆಯೇ ಲೋಕ ತೆರೆಯುತ್ತದೆ. ಒಬ್ಬ ಕಾಕಾ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಒಯ್ದದ್ದು ಒಂದು ತಿಂಗಳ ಗುಳಿಗೆ, ಉಳಿದದ್ದು ಮೂರು ತಿಂಗಳು. ಒಂದು ಮನೆಯಲ್ಲಿ ಗಂಡ ಹೆಂಡತಿ ಒಂದೇ ಚೀಟಿಯ ಗುಳಿಗೆ ಹಂಚಿಕೊಳ್ಳುತ್ತಿದ್ದರು. ಇನ್ನೊಬ್ಬರಿಗೆ ಆಮ್ಲೋಡಿಪಿನ್ ಶುರುಮಾಡಿದ ಮೇಲೆ ಪಾದ ಬಾತು, ಚಪ್ಪಲಿ ಹಿಡಿಯದೆ ಬಿಟ್ಟುಬಿಟ್ಟಿದ್ದರು. ಒಬ್ಬ ಯಕ್ಕ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: ಅವರಿಗೆ ಕೊಟ್ಟಿದ್ದು ಮೂತ್ರ ಹೆಚ್ಚು ಮಾಡುವ ಗುಳಿಗೆ. ಬೆಳಿಗ್ಗೆ ನುಂಗಿ ತೊಗರಿ ಹೊಲಕ್ಕೆ ಕೂಲಿಗೆ ಹೋದರೆ ಪದೇ ಪದೇ ಏಳಬೇಕು, ಮರೆಯಿಲ್ಲ, ಗಂಡಸರು ಜೊತೆಯಲ್ಲೇ ಇರುತ್ತಾರೆ. ಕೂಲಿ ಇದ್ದ ದಿನ ಅವರು ಗುಳಿಗೆ ಮುಟ್ಟುತ್ತಿರಲಿಲ್ಲ. ಇದನ್ನು ಅಜಾಗರೂಕತೆ ಎಂದು ಹೇಗೆ ಕರೆಯುವುದು? ಇವಕ್ಕೆಲ್ಲ ದಾರಿ ಇದೆ. ಗುಳಿಗೆಯನ್ನೋ ಹೊತ್ತನ್ನೋ ಡಾಕ್ಟರು ಬದಲಿಸಬಹುದು, ಊರು ಬಿಡುವವರು ಮೊದಲೇ ಹೇಳಿ ಹೆಚ್ಚು ದಿನದ್ದು ಕೇಳಬಹುದು. ನಾವೇ ಬಿಡುವುದು, ಅರ್ಧ ಮಾಡುವುದು ಬೇಡ, ಅಷ್ಟೇ. ಆದರೆ ಸತ್ಯ ಹೊರಬರದೆ ಯಾವ ದಾರಿಯೂ ಕಾಣುವುದಿಲ್ಲ.

ಸತ್ಯ ನಮ್ಮ ಕಡೆಯಿಂದಲೂ ಹೋಗಬೇಕು. “ಒಂದ್ ತಿಂಗಳ ತಗೋರಿ, ಹೊಕ್ಕದ” ಎಂದು ಸಮಾಧಾನಕ್ಕೆ ಹೇಳುವವರಿದ್ದಾರೆ. ಅವರು ನಂಬಿ ತಿಂಗಳಾದ ಮೇಲೆ ನಿಲ್ಲಿಸುತ್ತಾರೆ. ಬಿ.ಪಿ. ಹೆಚ್ಚಿದ್ದರೂ ಬಹುತೇಕರಿಗೆ ನೋವಿಲ್ಲ, ಸುಸ್ತಿಲ್ಲ. 130ಕ್ಕೆ ಇಳಿದದ್ದು ಗುಳಿಗೆಯಿಂದ, ರೋಗ ಹೋದದ್ದರಿಂದ ಅಲ್ಲ. ಹೆಚ್ಚಿನವರು ಬಹುಕಾಲ, ಬದುಕಿರುವವರೆಗೂ ತೆಗೆದುಕೊಳ್ಳಬೇಕಾಗುತ್ತದೆ. ಇದು ಕಹಿ ಮಾತು. ಅಭಯ ರಾಜಕುಮಾರನಿಗೆ ಬುದ್ಧರು ಹೇಳಿದ ನಿಯಮ ಇಲ್ಲಿ ಹೊಂದುತ್ತದೆ: ಮಾತು ನಿಜವಾಗಿದ್ದು ಹಿತವೂ ಆಗಿದ್ದರೆ, ಅಪ್ರಿಯವಾದರೂ ಹೊತ್ತು ನೋಡಿ ಹೇಳಬೇಕು. ಲಕ್ವಾ ಹೊಡೆಯಬಹುದು ಎಂಬುದೂ ನಿಜವೇ. ಆದರೆ ಅದನ್ನು ಎಲ್ಲರೆದುರು ಕೂಗಿ ಹೇಳುವುದು ಹೊತ್ತು ನೋಡಿದಂತಲ್ಲ.

ಬಾಬಾಸಾಹೇಬರು ದೇಹದ ಕಡೆ ನೋಡದೆ ದುಡಿದರು, ನಮಗೇಕೆ ಗುಳಿಗೆ ಎನ್ನುವ ಯುವಕರೂ ಸಿಗುತ್ತಾರೆ. ‘ಬುದ್ಧ ಮತ್ತು ಆತನ ಧಮ್ಮ’ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ, ಆರುತ್ತಿದ್ದ ತಮ್ಮ ಬದುಕು ಮತ್ತೆ ಹೊತ್ತಿಕೊಂಡದ್ದು ಪತ್ನಿ ಸವಿತಾ ಮತ್ತು ಡಾ. ಮಾಳವಣಕರರ ವೈದ್ಯ ಕೌಶಲದಿಂದ ಎಂದು ಅವರೇ ಸ್ಮರಿಸಿದ್ದಾರೆ. ನಾಗಪುರದ ಅಕ್ಟೋಬರ್ 14 ಬಂದದ್ದು ಅದೇ ವರ್ಷ.

ಇಷ್ಟೆಲ್ಲ ಆದ ಮೇಲೂ ನಿಜ ಹೇಳಿ, “ನಾ ತಗೊಳ್ಳಂಗಿಲ್ರಿ” ಎನ್ನುವವರು ಇರುತ್ತಾರೆ. ಅವರ ಬಾಯಿಗೆ ಗುಳಿಗೆ ತುರುಕುವ ಹಕ್ಕು ನಮಗಿಲ್ಲ. ಶುಶ್ರೂಷೆ ಕಷ್ಟ ಎಂದರು ಬುದ್ಧರು, ಕೈಬಿಡಿ ಎನ್ನಲಿಲ್ಲ. ಅಂಥ ಒಬ್ಬ ಅಣ್ಣ ನಮ್ಮ ವಿಹಾರಕ್ಕೂ ಬರುತ್ತಾರೆ. ಪ್ರತಿ ಭಾನುವಾರ ತಾವಾಗಿಯೇ ತೋಳು ಚಾಚಿ “ಎಷ್ಟದ ನೋಡ್ರಿ” ಎನ್ನುತ್ತಾರೆ. ಎಷ್ಟಿದೆಯೋ ಅಷ್ಟನ್ನೇ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮುಂದಿನ ವಾರಕ್ಕೆ ಅವರ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿರುತ್ತೇನೆ.

ಜೈ ಭೀಮ್.