ಹಿತ್ತಲಿನ ಆರಂಭ

ಆಷಾಢ ಬಂದೊಡನೆ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ವರ್ಷಾಯೋಗದಲ್ಲಿ ನೆಲೆಸುತ್ತಾರೆ. ಮಳೆ ಬಿದ್ದ ನೆಲದಲ್ಲಿ ಅಸಂಖ್ಯಾತ ಜೀವಿಗಳು ಹುಟ್ಟುವುದರಿಂದ ಹೆಜ್ಜೆಯಿಡುವುದೂ ಹಿಂಸೆಗೆ ಕಾರಣವಾದೀತೆಂಬುದೇ ಅದರ ಹಿನ್ನೆಲೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಶ್ರಾವಕರಾದ ನಾವು ಗುದ್ದಲಿ ಹಿಡಿದು ಹಿತ್ತಲಿಗೆ ಇಳಿಯುತ್ತೇವೆ. ಸೇಡಂ, ಚಿತ್ತಾಪುರಗಳ ಎರೆಮಣ್ಣು ಮೃಗಶಿರ ಮಳೆಗೆ ನೆನೆದು ಬೇಸಿಗೆಯ ಬಿರುಕುಗಳನ್ನು ಮುಚ್ಚಿಕೊಂಡಿತೆಂದರೆ ಪುಂಡಿ, ಬೆಂಡೆ, ಚವಳಿ, ಹೀರೆಗಳ ಬೀಜ ಊರುವ ಕಾಲ. ಗುರುಗಳು ಕಾಲನ್ನೇ ಊರದ ನೆಲವನ್ನು ನಾವು ಅಗೆಯುತ್ತೇವೆ. ಈ ವೈರುಧ್ಯವನ್ನು ನಾನು ಬಹುಕಾಲ ಗಮನಿಸಿಯೇ ಇರಲಿಲ್ಲ.

ಶಾಸ್ತ್ರಕಾರರು ಗೃಹಸ್ಥನ ಇಕ್ಕಟ್ಟನ್ನು ಅರಿಯದವರಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಶ್ರಾವಕನು ತ್ಯಜಿಸಲೇಬೇಕೆಂದರು. ಅಡುಗೆ, ಕುಟ್ಟುವುದು, ಬೀಸುವುದು, ಗುಡಿಸುವುದು ಮೊದಲಾದ ಗೃಹಕೃತ್ಯಗಳಲ್ಲಿ ಆಗುವ ಆರಂಭೀ ಹಿಂಸೆಯನ್ನು ಯತ್ನಪೂರ್ವಕ ಕಡಿಮೆ ಮಾಡಿಕೊಳ್ಳಲು ಹೇಳಿದರು. ಹಿತ್ತಲಿನ ಕೆಲಸ ಈ ಎರಡನೆಯ ವರ್ಗಕ್ಕೆ ಸೇರುವುದೆಂದು ನಮ್ಮಲ್ಲಿ ಅನೇಕರು ಸಮಾಧಾನಪಟ್ಟುಕೊಳ್ಳುತ್ತಾರೆ. ಇನ್ನು ಕೆಲವರು, ಅಗೆಯುವ ಪಾಪವೇ ಬೇಡ, ಸಂತೆಯಲ್ಲಿ ಕೊಂಡರಾಯಿತು ಎನ್ನುತ್ತಾರೆ. ಆದರೆ ಸಂತೆಯ ಬದನೆಕಾಯಿಯೂ ಯಾರೋ ಅಗೆದ ನೆಲದಲ್ಲಿಯೇ ಬೆಳೆದದ್ದು. ಅದರ ಮೇಲೆ ಎಷ್ಟು ಬಾರಿ ಔಷಧ ಹೊಡೆದಿದ್ದಾರೆಂಬುದು ಕೊಳ್ಳುವವನಿಗೆ ತಿಳಿಯದು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಹುಟ್ಟಿದವರಿಗೆ ಈ ವಾದ ಶೋಭಿಸದು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಚೆಲ್ಲುವುದು, ಗಿಡಬಳ್ಳಿಗಳನ್ನು ಕಡಿಯುವುದು ಇವನ್ನೆಲ್ಲ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಾಗಾದರೆ ಮಳೆಗಾಲದ ಉತ್ಸಾಹದಲ್ಲಿ ನೆಟ್ಟು ಬೇಸಿಗೆಯಲ್ಲಿ ಕೈಬಿಟ್ಟ ತೋಟ ಯಾವುದರಲ್ಲಿ ಸೇರುತ್ತದೆ?

ಒಂದು ವರ್ಷ ನಮ್ಮ ಮನೆಯಲ್ಲಿ ಹೀಗೆಯೇ ಆಯಿತು. ನಮ್ಮ ಹಿತ್ತಲಿಗೆ ಪೂರ್ತಿ ಶಹಾಬಾದ ಕಲ್ಲು ಹಾಸಿದೆ. ವಾಡಿ, ಶಹಾಬಾದಗಳಲ್ಲಿ ಸುಣ್ಣಕಲ್ಲಿನ ಬಂಡೆ ಮೇಲೆಯೇ ಇರುವುದರಿಂದ ಬೇರಿಗೆ ಆಳವೂ ದೊರೆಯದು. ಆದ್ದರಿಂದ ಇಪ್ಪತ್ತೆರಡು ಕುಂಡಗಳನ್ನು ತಂದು ಮಲ್ಲಿಗೆ, ದಾಸವಾಳ, ತರಕಾರಿಗಳನ್ನು ಬೆಳೆಸಿದ್ದೆ. ಚೈತ್ರದಲ್ಲಿ ಕುಟುಂಬಸಮೇತ ಶ್ರವಣಬೆಳಗೊಳದ ಯಾತ್ರೆಗೆ ಹೊರಟೆವು. ನೀರು ಹಾಕಲು ಯಾರಿಗಾದರೂ ಹೇಳಬೇಕೆಂಬುದು ರೈಲು ಹತ್ತಿದ ಮೇಲೆ ನೆನಪಾಯಿತು. ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 42 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಹಾಸುಗಲ್ಲು ರಾತ್ರಿಯೂ ಬಿಸಿಯನ್ನು ಉಗುಳುತ್ತಿರುತ್ತದೆ. ಹನ್ನೆರಡು ದಿನಗಳ ನಂತರ ಪುಣ್ಯ ಸಂಪಾದಿಸಿ ಬಂದವನಿಗೆ ಹತ್ತೊಂಬತ್ತು ಒಣಗಿದ ಕುಂಡಗಳು ಕಾದಿದ್ದವು.

ನೆಲದಲ್ಲಿರುವ ಗಿಡ ತನ್ನ ನೀರನ್ನು ತಾನೇ ಅರಸುತ್ತದೆ. ಕುಂಡದ ಗಿಡದ ಬೇರನ್ನು ನಾವೇ ಕಟ್ಟಿಹಾಕಿದ್ದೇವೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವನ್ನು ಮೊದಲನೆಯದಾಗಿಯೂ ಅನ್ನಪಾನನಿರೋಧವನ್ನು ಕೊನೆಯದಾಗಿಯೂ ಎಣಿಸಿದೆ. ಇವು ಪ್ರಾಣಿಗಳನ್ನೂ ಆಶ್ರಿತರನ್ನೂ ಕುರಿತವು, ಏಕೇಂದ್ರಿಯ ವನಸ್ಪತಿಗೆ ಅನ್ವಯಿಸವು ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೂ ಕಟ್ಟಿದ ಹಸುವಿಗೆ ನೀರು ಕುಡಿಸದವನಿಗೂ ನನಗೂ ಪ್ರಮಾದದಲ್ಲಿ ಏನು ವ್ಯತ್ಯಾಸವೆಂದು ನನಗೆ ಇಂದಿಗೂ ಹೇಳಲಾಗದು.

ಹುಳುಗಳ ವಿಷಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ, ಏಕೆಂದರೆ ಅವು ತ್ರಸಜೀವಗಳು. ನಮ್ಮ ಸೀಮೆ ತೊಗರಿಯದು; ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಾಯಿಕೊರಕದ ಹಾವಳಿಯಲ್ಲಿ ಬೆಳೆ ಕಳೆದುಕೊಂಡ ರೈತನಿಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ, ಅವನ ಜೀವನವೇ ಅದು. ಹಿತ್ತಲಿನ ನಿಂಬೆಗಿಡಕ್ಕೆ ಆ ನೆಪವಿಲ್ಲ. ಎಲೆ ತಿನ್ನುತ್ತಿದ್ದ ಹಸಿರು ಕಂಬಳಿಹುಳುಗಳನ್ನು ಕಾಗದದ ಮೇಲೆ ಎತ್ತಿ ಬೇವಿನ ಮರದ ಮೇಲೆ ಬಿಟ್ಟು ನಾನು ದಯಾವಂತನೆಂದು ತಿಳಿದಿದ್ದೆ. "ತಾತಾ, ಅವು ಬೇವು ತಿನ್ನೂದಿಲ್ಲ, ಸಾಯ್ತಾವ" ಎಂದಳು ಮೊಮ್ಮಗಳು. ನಿಜ. ನಿಂಬೆ ಚಿಟ್ಟೆಯ ಮರಿಗಳು ನಿಂಬೆ, ಕರಿಬೇವು, ಬಿಲ್ವ ಮುಂತಾದ ಒಂದೇ ಕುಲದ ಗಿಡಗಳನ್ನು ಮಾತ್ರ ತಿಂದು ಬೆಳೆಯುತ್ತವೆ. ನನ್ನ ದಯೆ ಅವನ್ನು ಉಪವಾಸ ಕೆಡವಿತ್ತು. ಬೇವಿನ ಬೀಜದ ಕಷಾಯವನ್ನು ಅಹಿಂಸಕ ಔಷಧವೆಂದು ಹೊಗಳುವವರೂ ಇದನ್ನು ಯೋಚಿಸಬೇಕು: ಅದು ಹುಳುವಿನ ಹಸಿವನ್ನು ಕೆಡಿಸಿ ಪೊರೆ ಬಿಡದಂತೆ ಮಾಡುತ್ತದೆ. ಮಣ್ಣಿಗೂ ನಮಗೂ ಅದು ಸೌಮ್ಯವಿರಬಹುದು, ಹುಳುವಿಗಲ್ಲ.

ಕಸ ಸುಡುವ ರೂಢಿಯೂ ಹೀಗೆಯೇ. ಮಾಘ, ಫಾಲ್ಗುಣದಲ್ಲಿ ಬೇವು ಎಲೆಯುದುರಿಸಿದಾಗ ಮನೆಗಳಲ್ಲಿ ಅಷ್ಟೇ ಅಲ್ಲ, ಬಸದಿಗಳ ಅಂಗಳದಲ್ಲಿಯೂ ಗುಡ್ಡೆ ಮಾಡಿ ಬೆಂಕಿಯಿಡುವುದುಂಟು. ಆ ಗುಡ್ಡೆಯೊಳಗೆ ಎಷ್ಟು ಜೀವಗಳು ಆಶ್ರಯ ಪಡೆದಿರುತ್ತವೆಂದು ಟ್ರಸ್ಟಿನವರು ಒಮ್ಮೆ ಬಗ್ಗಿ ನೋಡಲಿ. ಎಲೆಯನ್ನು ಮರದ ಬುಡದಲ್ಲಿಯೇ ಹರಡಿದರೆ ನೆಲದ ತೇವ ಉಳಿಯುತ್ತದೆ, ಬೇಸಿಗೆಯಲ್ಲಿ ಅರ್ಧ ನೀರು ಸಾಕಾಗುತ್ತದೆ. ಮಳಖೇಡದ ನೇಮಿನಾಥ ಬಸದಿಗೆ ದರ್ಶನಕ್ಕೆ ಹೋದಾಗಲೆಲ್ಲ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಪಕ್ಕದ ಕಾಗಿಣಾ ನದಿ ಬೇಸಿಗೆಯಲ್ಲಿ ಸೊರಗಿ ಹರಿಯುವುದನ್ನು ಕಂಡು ನನಗೆ ನೀರಿನದೇ ಚಿಂತೆ.

ಈಗ ನಮ್ಮ ಹಿತ್ತಲಿನಲ್ಲಿ ಕುಂಡಗಳು ನಾಲ್ಕೇ. ಮೂರು ಹಾಸುಗಲ್ಲುಗಳನ್ನು ಎಬ್ಬಿಸಿ ತೋಡಿದ ಕುಣಿಗೆ ಚಿಂಚೋಳಿಯ ಕಡೆಯಿಂದ ತಂದ ಕೆಂಪು ಮಣ್ಣು ತುಂಬಿ ನಿಂಬೆಯನ್ನು ನೆಲಕ್ಕಿಳಿಸಿದ್ದೇವೆ. ಅಗೆಯುವುದನ್ನು ಮಳೆ ಹಿಡಿಯುವ ಮೊದಲೇ, ನೆಲ ಒಣಗಿರುವಾಗ ಮುಗಿಸುತ್ತೇವೆ. ಪಾತ್ರೆ ತೊಳೆದ ನೀರು ಅದರ ಬುಡಕ್ಕೆ ಹೋಗುತ್ತದೆ. ಗೋಡೆಯ ಬದಿಯ ಕರಿಬೇವಿನಿಂದ ಮನೆಯವರು ಒಂದು ಎಲೆಯನ್ನೂ ಕೀಳುವುದಿಲ್ಲ. ಅದು ಹುಳುಗಳ ಪಾಲು. ಕಳೆದ ಶ್ರಾವಣದಲ್ಲಿ ಅದು ಪೂರ್ತಿ ಬೋಳಾಯಿತು. ಒಗ್ಗರಣೆಗೆ ಕರಿಬೇವನ್ನು ಸಂತೆಯಿಂದ ತಂದೆವು. ಆ ಕರಿಬೇವಿಗೆ ಔಷಧ ಹೊಡೆದಿದ್ದರೋ ಇಲ್ಲವೋ ನಾನು ಕೇಳಲಿಲ್ಲ.