ಸೋತವರ ಪಕ್ಕದ ಕುರ್ಚಿ

ನಮ್ಮ ಮನೆಯಲ್ಲಿ ಆಟದ ಹುಚ್ಚು ಇದ್ದದ್ದು ಯಜಮಾನರಿಗೆ ಮಾತ್ರ, ಅದೂ ಕ್ರಿಕೆಟ್ಟಿನದು. ಟಿ.ವಿ.ಯಲ್ಲಿ ಭಾರತ ಸೋಲುವ ಸೂಚನೆ ಕಂಡ ಕೂಡಲೇ ಅವರು ಎದ್ದು ಹಿತ್ತಲಿನ ಗಿಡಗಳಿಗೆ ನೀರು ಹಾಕಲು ಹೊರಟುಬಿಡುತ್ತಿದ್ದರು. "ಸೋಲೋದನ್ನ ಕೂತು ನೋಡೋದೇನು ಬಿಡೇ" ಎನ್ನುತ್ತಿದ್ದರು. ನನಗೂ ಅದು ಸರಿಯೇ ಅನ್ನಿಸುತ್ತಿತ್ತು. ಅಂಥ ನಾನು ಐವತ್ತೈದು ದಾಟಿದ ಮೇಲೆ, ಪರದೇಶದ ಫುಟ್‌ಬಾಲ್ ತಂಡವೊಂದನ್ನು ನಮ್ಮದೆಂದುಕೊಂಡು, ಅದು ಸೋಲುತ್ತಾ ಹೋಗುವುದನ್ನು ಒಂದು ವರ್ಷ ಹಿಂಬಾಲಿಸಿದೆ ಎಂದರೆ ಶಾಲೆಯಲ್ಲಿ ಜೊತೆಯವರು ಇವತ್ತಿಗೂ ನಗುತ್ತಾರೆ. ನೀವೂ ನಗಬಹುದು. ನಕ್ಕ ಮೇಲೆ ಮುಂದಿನದನ್ನು ಓದಿ.

ನಮ್ಮ ಅಳಿಯಂದಿರು ಥಾಯ್ಲೆಂಡಿನ ಚೋನ್‌ಬುರಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬ್ಯಾಂಕಾಕಿನಿಂದ ಸುಮಾರು 80 ಕಿಲೋಮೀಟರ್ ದೂರದ ಕಡಲತೀರದ ಊರು ಅದು. ಆ ಹೆಸರಿನ ಅರ್ಥ ಕೇಳಿದಾಗ ನನಗೆ ಅರ್ಧ ಪರಕೀಯತೆ ಹೋಯಿತು. ಚೋನ್ ಎಂದರೆ ನಮ್ಮ ಜಲ, ಬುರಿ ಎಂದರೆ ಪುರಿ. ಜಲಪುರಿ! ಅಲ್ಲಿನ ಫುಟ್‌ಬಾಲ್ ಕ್ಲಬ್ಬಿಗೆ ಜನ ಇಟ್ಟಿರುವ ಅಡ್ಡಹೆಸರು ಚಲಾಮ್ ಚೋನ್. ಚಲಾಮ್ ಎಂದರೆ ಶಾರ್ಕ್ ಮೀನು. ನನ್ನ ಒಂಬತ್ತು ವರ್ಷದ ಮೊಮ್ಮಗ ಅಲ್ಲಿಯೇ ಶಾಲೆಗೆ ಹೋಗುವವನು. ಊಟಕ್ಕೂ ಅವನಿಗೆ ಆ ತಂಡದ ನೀಲಿ ಅಂಗಿಯೇ ಬೇಕು, ಮಲಗುವುದಕ್ಕೂ ಅದೇ ಬೇಕು.

2023ರ ದಸರಾ ರಜೆಯಲ್ಲಿ ನಾನು ಮೊದಲ ಸಲ ಅಲ್ಲಿಗೆ ಹೋದೆ. ಒಂದು ಸಂಜೆ ಅಳಿಯಂದಿರು "ಬನ್ನಿ ಅತ್ತೆ, ಮನೇಲಿ ಕೂತು ಏನ್ಮಾಡ್ತೀರಿ?" ಎಂದು ಮೈದಾನಕ್ಕೆ ಕರೆದುಕೊಂಡು ಹೋದರು. ದೊಡ್ಡ ಕ್ರೀಡಾಂಗಣವೇನಲ್ಲ, ಎಂಟು ಸಾವಿರ ಚಿಲ್ಲರೆ ಜನ ಕೂರಬಹುದು. ಡೋಲು ಬಾರಿಸುವವರು, ಬಾವುಟ ಬೀಸುವವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ಕೂಗುವ ತಾಯಂದಿರು. ನಮ್ಮೂರ ಜಾತ್ರೆಯೇ ಸರಿ. ಜನ ಮತ್ತೆ ಮತ್ತೆ ಕೂಗುತ್ತಿದ್ದುದು "ಸೂ ಸೂ" ಎಂದು. ಹೋರಾಡು, ಬಿಡಬೇಡ ಎಂದರ್ಥವಂತೆ. ಪರೀಕ್ಷೆಗೆ ಹೊರಟ ಮಕ್ಕಳಿಗೂ ಅಲ್ಲಿ ಹೀಗೆಯೇ ಹೇಳಿ ಕಳಿಸುತ್ತಾರೆಂದು ಮೊಮ್ಮಗ ಹೇಳಿದ.

ನನ್ನ ಪಕ್ಕದ ಕುರ್ಚಿಯಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬಳಿದ್ದಳು. ಊರ ಹತ್ತಿರದ ನೋಂಗ್‌ಮೋನ್ ಪೇಟೆಯಲ್ಲಿ ಅವಳಿಗೆ ಖಾವ್‌ಲಾಮ್ ಮಾರುವ ಅಂಗಡಿ. ಅಂಟಕ್ಕಿ, ತೆಂಗಿನ ಹಾಲು, ಸಕ್ಕರೆ, ಕಪ್ಪು ಕಾಳು ಸೇರಿಸಿ ಬಿದಿರಿನ ಕೊಳವೆಯಲ್ಲಿ ತುಂಬಿ ಕೆಂಡದ ಮೇಲೆ ಸುಡುವ ಸಿಹಿ ಅದು. ನಾನು ಮಾಂಸ ತಿನ್ನುವವಳಲ್ಲ ಎಂದು ತಿಳಿದ ಮೇಲೆ ಒಂದು ಕೊಳವೆ ಸೀಳಿ ನನ್ನ ಕೈಗಿಟ್ಟಳು. ನನಗೆ ಥಾಯ್ ಬಾರದು, ಅವಳಿಗೆ ಇಂಗ್ಲಿಷೂ ಬಾರದು. ಮೊಮ್ಮಗನೇ ದುಭಾಷಿ. ನಮ್ಮಲ್ಲಿ ಅಕ್ಕ, ತಂಗಿ ಎನ್ನುವ ಹಾಗೆಯೇ ಅವರಲ್ಲೂ ದೊಡ್ಡವರನ್ನು ಪೀ, ಚಿಕ್ಕವರನ್ನು ನೋಂಗ್ ಎನ್ನುತ್ತಾರೆ. ವಯಸ್ಸು ಕೇಳಿಕೊಂಡು ಅವಳು ಪೀ ಆದಳು, ನಾನು ನೋಂಗ್ ಆದೆ. ಐದು ನಿಮಿಷದಲ್ಲಿ ನೆಂಟಸ್ತಿಕೆ!

ಚೋನ್‌ಬುರಿ ಒಂದೇ ಒಂದು ಸಲ, 2007ರಲ್ಲಿ, ದೇಶದ ಅಗ್ರ ಲೀಗನ್ನು ಗೆದ್ದಿತ್ತು. ಆಗ ಅವಳೂ ಅವಳ ಗಂಡನೂ ಒಟ್ಟಿಗೆ ಬರುತ್ತಿದ್ದರಂತೆ. ಈಗ ಗಂಡ ಇಲ್ಲ. "ಈ ವರ್ಷ ಇಷ್ಟು ಸೋಲ್ತಿದಾರಲ್ಲ, ಆದರೂ ಬರ್ತೀರಾ ಅಂತ ಕೇಳು" ಎಂದೆ ಮೊಮ್ಮಗನಿಗೆ. ಅವನು ಕೇಳಿ, ಕಿವಿಗೊಟ್ಟು, ನನ್ನ ಕಡೆ ತಿರುಗಿದ. "ಅಜ್ಜೀ, ಅವರ ಅಂಗಡೀಲೂ ದಿನಾ ವ್ಯಾಪಾರ ಆಗಲ್ವಂತೆ. ಹಾಗಂತ ಬಾಗಿಲು ಹಾಕ್ತಾರಾ ಅಂತ ಕೇಳ್ತಿದಾರೆ."

ಇದಕ್ಕೆ ನಾನು ಏನು ಹೇಳಲಿ? ಖಾವ್‌ಲಾಮ್ ತಿಂದೆ.

ಊರಿಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಪ್ರತಿ ಪಂದ್ಯದ ಮಾರನೆಯ ದಿನ ಮೊಮ್ಮಗ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ. ಲೆಕ್ಕ ಸರಳ. ಮೇಲಿನ ದರ್ಜೆಯಲ್ಲಿ 16 ತಂಡ, ಪ್ರತಿ ತಂಡಕ್ಕೆ 30 ಪಂದ್ಯ. ಗೆದ್ದರೆ 3 ಅಂಕ, ಸಮ ಆದರೆ 1, ಸೋತರೆ ಸೊನ್ನೆ. ಕೊನೆಗೆ ತಳದಲ್ಲಿ ಉಳಿದ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು, ಅಲ್ಲಿಂದ ಮೂರು ಮೇಲೆ ಬರುತ್ತವೆ. ನಾನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಅಂಕಪಟ್ಟಿ ಬರೆದಿಟ್ಟುಕೊಳ್ಳತೊಡಗಿದೆ. ಚೋನ್‌ಬುರಿ ಮೇಲಿನ ದರ್ಜೆಗೆ ಬಂದದ್ದು 2006ರಲ್ಲಿ. ಅಂದಿನಿಂದ ಒಮ್ಮೆಯೂ ಇಳಿದಿರಲಿಲ್ಲ. ಈ ಸಲ ನನ್ನ ಪೆನ್ಸಿಲ್ ಅದರ ಹೆಸರನ್ನು ಕೆಳಕೆಳಗೆ ಬರೆಯುತ್ತಾ ಹೋಯಿತು.

2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯ ಕರ್ತವ್ಯ ಮುಗಿಸಿ, ಬೇಸಿಗೆ ರಜೆಗೆ ಮತ್ತೆ ಚೋನ್‌ಬುರಿಗೆ ಹೋದೆ. ಋತುವಿನ ಕೊನೆಯ ಪಂದ್ಯಗಳು ನಡೆಯುತ್ತಿದ್ದವು. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅಳಿಯಂದಿರು, ಮೊಮ್ಮಗ, ನಾನು ಕೂತು ಲೆಕ್ಕ ಹಾಕುವುದು. ನಾವು ಗೆದ್ದರಷ್ಟೇ ಸಾಲದು, ಬೇರೆಯವರು ಸೋಲಲೂಬೇಕು. ಹತ್ತಿರದ ಸ್ಪರ್ಧಿ ತ್ರಾತ್ ಎಂಬ ತಂಡ. ಕಾಂಬೋಡಿಯಾ ಗಡಿಯ ಕಡೆಯ ಒಂದು ಸಣ್ಣ ಪ್ರಾಂತ್ಯದ್ದು. "ತ್ರಾತ್ ಸೋಲಲಿ ಅಂತ ದೇವರಿಗೆ ಕೈ ಮುಗಿ ಅಜ್ಜಿ" ಎಂದ ಮೊಮ್ಮಗ. ನಾನು ಮುಗಿದೂಬಿಟ್ಟೆ! ಆಮೇಲೆ ಮಲಗಿದಾಗ ನಿದ್ದೆ ಬರಲಿಲ್ಲ. ಅಲ್ಲಿಯೂ ಒಬ್ಬ ಹುಡುಗ ತನ್ನ ಅಜ್ಜಿಗೆ, ಚೋನ್‌ಬುರಿ ಸೋಲಲಿ ಎಂದು ಕೈ ಮುಗಿ ಎಂದು ಹೇಳುತ್ತಿರಬಹುದಲ್ಲ? ನಮ್ಮವರು ಉಳಿಯಲಿ ಎನ್ನುವುದು ಇನ್ನೊಬ್ಬರು ಮುಳುಗಲಿ ಎನ್ನುವುದಕ್ಕೆ ಯಾವಾಗ ತಿರುಗುತ್ತದೆ ಎಂದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಸೋಲೇ ಇಲ್ಲದ ಆಟ ಇದ್ದರೆ ಒಳ್ಳೆಯದೇ? ಒಮ್ಮೆ ಅಂಥದ್ದೂ ಆಗಿದೆ. 2016ರ ಅಕ್ಟೋಬರಿನಲ್ಲಿ ಥಾಯ್ ದೊರೆ ಭೂಮಿಬೋಲ್ ತೀರಿಕೊಂಡಾಗ ಆ ವರ್ಷದ ಲೀಗನ್ನು ಮೂರು ಸುತ್ತು ಬಾಕಿ ಇರುವಾಗಲೇ ನಿಲ್ಲಿಸಿದರು. ಎಫ್‌ಎ ಕಪ್ಪಿನ ಸೆಮಿಫೈನಲ್ ತಲುಪಿದ್ದ ನಾಲ್ಕು ತಂಡಗಳನ್ನೂ ಜಂಟಿ ವಿಜೇತರೆಂದು ಸಾರಿದರು. ಅದರಲ್ಲಿ ಚೋನ್‌ಬುರಿಯೂ ಒಂದು. ಏಷ್ಯಾ ಮಟ್ಟದ ಪಂದ್ಯಾವಳಿಗೆ ಹೋಗುವವರು ಯಾರೆಂದು ಚೀಟಿ ಎತ್ತಿದಾಗ ಅದು ಸುಖೋಥಾಯ್ ತಂಡದ ಪಾಲಾಯಿತು. ಪೀಯನ್ನು ಆ ಬಗ್ಗೆ ಕೇಳಿಸಿದೆ. ಊರೆಲ್ಲ ಕಪ್ಪು ಬಟ್ಟೆ ತೊಟ್ಟಿದ್ದ ದಿನಗಳವು, ಕಪ್ಪು ಬಂದದ್ದು ತನಗೆ ನೆನಪೇ ಇಲ್ಲ, 2007 ಮಾತ್ರ ನೆನಪಿದೆ ಎಂದಳು. ಆಡದೆ ಬಂದದ್ದು ಗೆಲುವಾಗಿ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲವೇನೋ. ಅಂದ ಮೇಲೆ ಸೋಲನ್ನು ತೆಗೆದುಹಾಕುವುದು ದಾರಿಯಲ್ಲ.

ಈ ಲೆಕ್ಕಾಚಾರದ ನಡುವೆಯೇ ಮೇ 9ರಂದು ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಹಿಂದಿನ ವರ್ಷ ನೂರಕ್ಕೆ 83ರ ಮೇಲಿದ್ದ ರಾಜ್ಯದ ಫಲಿತಾಂಶ 73ಕ್ಕೆ ಇಳಿದಿತ್ತು. ನನ್ನ ಫೋನಿಗೆ ಶಾಲೆಯ ಪಟ್ಟಿ ಬಂತು. ಮೊಮ್ಮಗ ಇಣುಕಿ ನೋಡಿ ಕೇಳಿದ: "ಅಜ್ಜೀ, ನಿಮ್ಮ ಸ್ಕೂಲಲ್ಲೂ ಕೆಳಗಿನ ಮೂರು ಜನಾನ ಇಳಿಸ್ತಾರಾ?"

ಮಗು ಕೇಳಿದ್ದು ಆಟದ ಮಾತು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಯಾಕೆಂದರೆ ನಾವು ಇಳಿಸಿದ್ದೆವು, ಅದೂ ಸರಿಯಾಗಿ ಮೂವರನ್ನೇ.

2011ರ ಮಾತು. ನಾನಾಗ ಬೇರೊಂದು ಶಾಲೆಯಲ್ಲಿದ್ದೆ. ನೂರಕ್ಕೆ ನೂರು ಫಲಿತಾಂಶ ಬರಬೇಕೆಂದು ಆಡಳಿತದವರ ಹಟ. ಹತ್ತನೆಯ ತರಗತಿ ಶುರುವಾಗುವ ಮೊದಲೇ ತೀರ ಹಿಂದುಳಿದ ಮೂವರಿಗೆ ಟಿ.ಸಿ. ಕೊಟ್ಟು, ಪ್ರೈವೇಟಾಗಿ ಪರೀಕ್ಷೆ ಕಟ್ಟಿಸಿ ಎಂದು ತಂದೆತಾಯಿಯರನ್ನು ಒಪ್ಪಿಸುವುದೆಂದು ತೀರ್ಮಾನವಾಯಿತು. ಅವರಲ್ಲೊಬ್ಬ ಹುಡುಗಿ ನನ್ನ ತರಗತಿಯವಳು. ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದ ಅವಳ ತಾಯಿಯನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಲ್ಲೆ ಎನ್ನಲಿಲ್ಲ. ಒಳ್ಳೆಯ ಮಾತಿನಲ್ಲೇ ಹೇಳಿದೆ, ಅದೇ ನನ್ನನ್ನು ಈಗ ಹೆಚ್ಚು ಚುಚ್ಚುವುದು. ಆ ತಾಯಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೀವೇ ಹೇಳಿದ ಮೇಲೆ ಇನ್ನೇನು ಮೇಡಂ" ಎಂದು ಹೆಬ್ಬೆಟ್ಟು ಒತ್ತಿ ಹೋದಳು. ಆ ವರ್ಷ ನಮಗೆ ನೂರಕ್ಕೆ ನೂರು ಬಂತು. ಸಿಹಿ ಹಂಚಿದರು, ಫೋಟೋ ತೆಗೆಸಿದರು. ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ಹುಡುಗಿ ಪರೀಕ್ಷೆ ಕಟ್ಟಲೇ ಇಲ್ಲ. ನಾಲ್ಕೈದು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಮಗು ಇಟ್ಟುಕೊಂಡು ಎದುರಾದಳು. "ಚೆನ್ನಾಗಿದೀರಾ ಮಿಸ್?" ಎಂದು ನಕ್ಕಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹತ್ತಿಕೊಂಡೆ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

ಮೊಮ್ಮಗನಿಗೆ "ಇಲ್ಲ ಪುಟ್ಟ, ಸ್ಕೂಲಲ್ಲಿ ಹಾಗೆ ರೂಲ್ಸ್ ಇಲ್ಲ" ಎಂದೆ. ಹೇಳಿದ ಮೇಲೆ ಆ ಮಾತೇ ನನ್ನನ್ನು ಹಿಡಿದುಕೊಂಡಿತು. ನಿಜ, ಲೀಗಿನಲ್ಲಿ ನಿಯಮವಿದೆ. ಹದಿನಾರೂ ತಂಡ ಎಷ್ಟು ಚೆನ್ನಾಗಿ ಆಡಿದರೂ ಮೂರು ಇಳಿಯಲೇಬೇಕು. ತರಗತಿಯಲ್ಲಿ ಅಂಥ ನಿಯಮ ಯಾರೂ ಮಾಡಿಲ್ಲ. ಒಂದು ಮಗು ಪಾಸಾಗಲು ಇನ್ನೊಂದು ಫೇಲಾಗಬೇಕಾಗಿಲ್ಲ. ಇಲ್ಲದ ಜಾಗಕ್ಕೆ ಆ ನಿಯಮವನ್ನು ತಂದದ್ದು ನಾವು. ತಂದರೂ ಪೂರ್ತಿ ತರಲಿಲ್ಲ. ಚೋನ್‌ಬುರಿಗೆ 30 ಪಂದ್ಯ ಆಡಲು ಬಿಟ್ಟರು, ಆಡಿದ ಮೇಲೆ ಎಣಿಸಿದರು. ಆ ಹುಡುಗಿಗೆ ನಾವು ಒಂದು ಪಂದ್ಯವನ್ನೂ ಆಡಲು ಬಿಡಲಿಲ್ಲ.

ಕೊನೆಯ ಸಲ ಮೈದಾನಕ್ಕೆ ಹೋದಾಗ ಆಸೆ ಹೆಚ್ಚು ಕಡಿಮೆ ಮುಗಿದಿತ್ತು. ಪೀ ತನ್ನ ಕುರ್ಚಿಯಲ್ಲಿದ್ದಳು, ಬಿದಿರ ಕೊಳವೆ ಚೀಲದಲ್ಲಿತ್ತು, ಡೋಲು ಎಂದಿನಂತೆ ಬಡಿಯುತ್ತಿತ್ತು. ಆಟ ಮುಗಿದ ಮೇಲೆ ಆಟಗಾರರು ಜನರ ಮುಂದೆ ಸಾಲಾಗಿ ನಿಂತು, ನಮ್ಮ ನಮಸ್ಕಾರದಂತೆಯೇ ಕೈ ಜೋಡಿಸಿ ತಲೆ ಬಾಗಿಸಿದರು. ಅವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಕತ್ತೆತ್ತಲು ಅವರಿಗೆ ನಾಚಿಕೆ. ಜನ ಎದ್ದು ನಿಂತು "ಸೂ ಸೂ" ಎಂದರು. ನಾನೂ ಎಂದೆ. ಗಂಟಲು ಕಟ್ಟಿತ್ತು, ಸರಿಯಾಗಿ ಧ್ವನಿ ಹೊರಡಲಿಲ್ಲ. ಬುರಿರಾಮ್ ತಂಡ ಆ ವರ್ಷ ಲೀಗ್ ಗೆದ್ದಿತು. ಚೋನ್‌ಬುರಿ, ತ್ರಾತ್, ಪೊಲೀಸ್ ತೆರೋ, ಈ ಮೂರು ಇಳಿದವು. ನಾನು ಕೈ ಮುಗಿದದ್ದು ತ್ರಾತ್ ಮಟ್ಟಿಗೆ ಫಲಿಸಿತ್ತು. ಅದರಿಂದ ನಮಗೆ ಆದ ಲಾಭ ಸೊನ್ನೆ.

ನಾನು ಅಭಿಮಾನಿಗಳನ್ನು ಅಟ್ಟಕ್ಕೇರಿಸುತ್ತಿಲ್ಲ. ಕುರ್ಚಿಯಲ್ಲಿ ಕೂತು ಕೂಗುವವರಿಗೆ ನಷ್ಟವಾದರೂ ಏನು? ಟಿಕೆಟ್ಟಿನ ದುಡ್ಡು, ಒಂದು ಸಂಜೆ. ತಂಡ ಇಳಿದರೆ ಆಟಗಾರರನ್ನು ಬಿಟ್ಟುಕೊಡುವ, ಲೆಕ್ಕ ಸರಿದೂಗಿಸುವ ಕಷ್ಟ ಕ್ಲಬ್ಬಿನವರದು. ಉಪಾಧ್ಯಾಯರ ಪಾಡು ಇನ್ನೂ ತೊಡಕಿನದು. ನಾವೇ ಅಂಕ ಹಾಕಬೇಕು, ನಾವೇ ಪಕ್ಕದಲ್ಲೂ ಕೂರಬೇಕು. 20 ಅಂಕಕ್ಕೆ ಬರೆದ ಮಗುವಿಗೆ 20 ಎಂದೇ ಹೇಳಬೇಕು, ಸುಳ್ಳು ಹೇಳಿದರೆ ಅದು ಪ್ರೀತಿಯಲ್ಲ. ಆದರೆ 20 ಎಂದು ಹೇಳುವುದು ಬೇರೆ, ಹಾಜರಿ ಪುಸ್ತಕದಿಂದ ಹೆಸರು ಹೊಡೆಯುವುದು ಬೇರೆ. ಮನೆಯಲ್ಲೂ ಇದೇ ಅಲ್ಲವೇ? ಓದದ ಮಗ, ಗಂಡನ ಮನೆಯಲ್ಲಿ ಬಾಳಲಾಗದೆ ಹಿಂದಿರುಗಿದ ಮಗಳು, ವ್ಯಾಪಾರದಲ್ಲಿ ಕೈ ಸುಟ್ಟುಕೊಂಡ ತಮ್ಮ. ಅವರು ಸೋತಿಲ್ಲ ಎಂದು ನಾವು ನಟಿಸಬೇಕಾಗಿಲ್ಲ. ನೆಂಟರಿಷ್ಟರ ಫೋಟೋದಿಂದ ಅವರನ್ನು ಪಕ್ಕಕ್ಕೆ ಸರಿಸದಿದ್ದರೆ ಸಾಕು.

2024ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಊರಿಗೆ ಹಿಂದಿರುಗಿದವಳೇ ಫೇಲಾದ ಮಕ್ಕಳನ್ನು ಮನೆಗೆ ಕರೆದು ಜೂನ್ ತಿಂಗಳ ಎರಡನೆಯ ಪರೀಕ್ಷೆಗೆ ಕೂರಿಸಿದೆ. ಎಲ್ಲರೂ ಪಾಸಾಗಲಿಲ್ಲ. ಆಗದವರು ಮತ್ತೆ ಬಂದರು. ಬಂದರೆಂಬುದೇ ನನಗೆ ದೊಡ್ಡದಾಯಿತು. ಆದರೆ ಇದರಿಂದ 2011ರ ಲೆಕ್ಕ ತೀರಿತೆಂದು ನಾನು ಹೇಳುವುದಿಲ್ಲ. ಆ ಹುಡುಗಿ ಈಗ ಪೇಟೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆಂದು ಕೇಳಿದ್ದೇನೆ. ರವಿಕೆ ಬಟ್ಟೆಯೊಂದನ್ನು ಚೀಲದಲ್ಲಿಟ್ಟುಕೊಂಡು ಎರಡು ಸಲ ಆ ಬೀದಿಯ ತಿರುವಿನ ತನಕ ಹೋಗಿ ಬಂದಿದ್ದೇನೆ.

ಚೋನ್‌ಬುರಿ ಕೆಳಗಿನ ದರ್ಜೆಯಲ್ಲಿ ಒಂದು ವರ್ಷ ಆಡಿ, 2025ರಲ್ಲಿ ಮತ್ತೆ ಮೇಲಕ್ಕೆ ಬಂತು. ಮೊಮ್ಮಗ ಫೋನಿನಲ್ಲಿ ಕಿರುಚಿದ. ಯಜಮಾನರು ಹಿತ್ತಲಿನಿಂದ ನೀರಿನ ಪೈಪು ಹಿಡಿದುಕೊಂಡೇ ಬಂದು, "ಏನಂತೆ, ಗೆದ್ದರಂತಾ?" ಎಂದು ಕೇಳಿದರು. ಹೌದೆಂದೆ. ಮೇಲಕ್ಕೆ ಬಂದದ್ದು ಸಂತೋಷವೇ. ನನಗೆ ಮಾತ್ರ ಆ ಕೆಳಗಿನ ವರ್ಷದಲ್ಲಿ ಪೀ ಪ್ರತಿ ಸಲವೂ ಅದೇ ಕುರ್ಚಿಗೆ ಬಂದಿರುತ್ತಿದ್ದಳೆಂದು ಮೊಮ್ಮಗ ಹೇಳಿದ್ದು ನೆನಪಾಯಿತು.

ಈ ಭಾನುವಾರ ಆ ತಿರುವನ್ನು ದಾಟಬೇಕೆಂದಿದ್ದೇನೆ.