ಬಾಜೂ ಮನೆ ಖಾಲಿ ಇತ್ತು

ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಲೈಟಿನ ಬಿಲ್ಲು ಯಾರು ಕಟ್ಟಬೇಕು ಎಂದು ನಾವು ಕೇಳುವುದಕ್ಕಿಂತ ಮೊದಲೇ ಮನೆಯವರು ನಮ್ಮನ್ನೊಂದು ಪ್ರಶ್ನೆ ಕೇಳುತ್ತಾರೆ. ಅದನ್ನು ಮುಂದೆ ಯಾವ ಕರಾರು ಪತ್ರದಲ್ಲೂ ಬರೆಯುವುದಿಲ್ಲ. ಆದರೆ ಅದಕ್ಕೆ ಕೊಟ್ಟ ಉತ್ತರ ಅವರಿಗೆ ಸರಿಬರದಿದ್ದರೆ ಮಾತು ಕರಾರು ಪತ್ರದ ತನಕ ಹೋಗುವುದೇ ಇಲ್ಲ.

ನನಗೆ ಆ ಪ್ರಶ್ನೆ ಎದುರಾದದ್ದು 1994ರ ಜೂನಿನಲ್ಲಿ, ಗರಗದಲ್ಲಿ. ಧಾರವಾಡದಿಂದ ಬೆಳಗಾವಿ ರಸ್ತೆ ಹಿಡಿದು ಹೋಗಿ, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರು ಅದು. ಹಳ್ಳಿ ಎನ್ನಲು ದೊಡ್ಡದು, ಪಟ್ಟಣ ಎನ್ನಲು ಸಣ್ಣದು. ಬೆಳಿಗ್ಗೆ ಕಾಲೇಜಿನ ಹುಡುಗರು, ಕಚೇರಿಯವರು, ಕಾರ್ಖಾನೆಗೆ ಹೋಗುವವರು ಧಾರವಾಡದ ಬಸ್ಸು ಹತ್ತುತ್ತಾರೆ. ಅದೇ ಹೊತ್ತಿಗೆ ಧಾರವಾಡದಿಂದ ಬಂದ ಬಸ್ಸಿನಿಂದ ಮಾಸ್ತರರು, ಅಕ್ಕೋರುಗಳು, ಬ್ಯಾಂಕಿನವರು ಇಳಿಯುತ್ತಾರೆ. ನಾನೂ ಅಲ್ಲಿನ ಶಾಲೆಯೊಂದಕ್ಕೆ ಅಕ್ಕೋರಾಗಿ ವರ್ಗವಾಗಿ ಬಂದಿದ್ದೆ. ನನ್ನ ಜೊತೆಗೇ ಇನ್ನೊಬ್ಬಳು ಬಂದಿದ್ದಳು. ನಮ್ಮಿಬ್ಬರಿಗೂ ಸಣ್ಣ ಮಕ್ಕಳು. ಜಿಟಿಜಿಟಿ ಮಳೆಯಲ್ಲಿ ಒಂದೇ ಕೊಡೆ ಹಿಡಿದು ಇಬ್ಬರೂ ಮನೆ ಹುಡುಕಲು ಹೊರಟೆವು.

ಒಂದು ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಹಂಚಿನ ಮನೆಗಳು ಖಾಲಿ ಇದ್ದವು. ಒಬ್ಬ ಆಯಿಯವರ ಮನೆಗಳು. ಪಡಸಾಲೆ, ಅಡುಗೆಮನೆ, ಬಚ್ಚಲು, ಹಿಂದೊಂದು ಹಿತ್ತಲು. ತಿಂಗಳಿಗೆ ಮುನ್ನೂರು ರೂಪಾಯಿ. ಆಯಿ ನಗುನಗುತ್ತಲೇ ಬಾಗಿಲು ತೆರೆದು ತೋರಿಸಿದರು. ಆಮೇಲೆ ಕಟ್ಟೆಯ ಮೇಲೆ ಕೂತು ಕೇಳಿದರು: “ಅಕ್ಕೋರ, ನೀವು ಯಾವ ಮಂದಿ ರೀ?”

ನಾನು ಹೇಳಿದೆ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವ ನೀವೂ ನನ್ನನ್ನೊಂದು ಓಣಿಯಲ್ಲಿ ಕೂಡಿಸಿ ಮುಂದೆ ಓದುತ್ತೀರಿ. ಆಯಿ ಗೆಳತಿಯ ಕಡೆ ತಿರುಗಿದರು. ಅವಳೂ ಮುಚ್ಚುಮರೆಯಿಲ್ಲದೆ ಒಂದೇ ಮಾತಿನಲ್ಲಿ ಹೇಳಿದಳು. ಆಯಿಯ ಮುಖದ ಮೇಲಿನ ನಗು ಹೋಗಲಿಲ್ಲ. “ಮನಿ ಒಬ್ಬರಿಗಷ್ಟ ಐತ್ರೀ ಅಕ್ಕೋರ. ಬಾಜೂದಕ್ಕ ನಮ್ಮ ತಂಗಿ ಮಗಾ ಬರ್ತೇನಿ ಅಂದಾನು” ಎಂದರು. ತೋರಿಸುವಾಗ ಇರದಿದ್ದ ತಂಗಿಯ ಮಗ ಎರಡು ನಿಮಿಷದಲ್ಲಿ ಹುಟ್ಟಿಕೊಂಡಿದ್ದ. ನಮಗೆ ಮೂವರಿಗೂ ಅದು ತಿಳಿಯಿತು. ಮೂವರೂ ಸುಮ್ಮನಿದ್ದೆವು.

ಮರುದಿನ ನಾನು ಮುಂಗಡ ಕೊಟ್ಟು ಬಂದೆ.

ಗೆಳತಿ ಮುಂದೆ ನಾಲ್ಕು ವರ್ಷ ಧಾರವಾಡದಿಂದ ಓಡಾಡಿದಳು. ಈಗ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡಿಲ್ಲ. ಆಗ ಅವಳ ಸಂಬಳದಲ್ಲಿ ಬಸ್ಸಿಗೇ ಒಂದು ಪಾಲು ಹೋಗುತ್ತಿತ್ತು. ಬಸ್ಸು ತಡವಾದ ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ. ಸಂಜೆ ಮಗುವನ್ನು ನೆರೆಮನೆಯಿಂದ ಕರೆತರುವಷ್ಟರಲ್ಲಿ ಅದು ನಿದ್ದೆ ಹೋಗಿರುತ್ತಿತ್ತು. ನನ್ನ ಮನೆಯಿಂದ ಶಾಲೆಗೆ ನಾಲ್ಕು ನಿಮಿಷದ ದಾರಿ. ಬೆಲ್ಲು ಹೊಡೆದ ಮೇಲೆ ಒಲೆ ಆರಿಸಿ ಹೊರಟರೂ ನಡೆಯುತ್ತಿತ್ತು. ಬಾಜೂ ಮನೆ ದೀಪಾವಳಿಯ ತನಕ ಖಾಲಿಯೇ ಇತ್ತು. ಆಮೇಲೆ ಅದಕ್ಕೆ ಆಯಿಗೆ ಒಪ್ಪುವಂಥ ಕಾರಕೂನರೊಬ್ಬರ ಸಂಸಾರ ಬಂತು. ಗೆಳತಿ ದಿನಾಲೂ ಬಸ್ ಸ್ಟ್ಯಾಂಡಿನಿಂದ ಅದೇ ಓಣಿಯ ಮೇಲೆಯೇ ಶಾಲೆಗೆ ಬರುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಆಯಿ ಕೆಟ್ಟವರೆಂದು ನೀವು ತಿಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ನನ್ನ ಮಗಳಿಗೆ ಟೈಫಾಯಿಡ್ ಆದಾಗ ಮೂರು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವರು ಅವರು. ಹೊಸ ಜೋಳ ಬಂದಾಗ ಮೊದಲ ರೊಟ್ಟಿ, ಪುಂಡಿಪಲ್ಯ ನಮ್ಮ ಮನೆಗೆ ಬರುತ್ತಿತ್ತು. ಶೀಗಿಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಡಿವಾಳಜ್ಜನ ಮಠಕ್ಕೆ ಹೋದರೆ ನನ್ನ ಮಗಳ ಹೆಸರಿನಲ್ಲೂ ಕಾಯಿ ಒಡೆಸುತ್ತಿದ್ದರು. ಎರಡು ತಿಂಗಳು ನನ್ನ ಸಂಬಳ ಆಗದಿದ್ದಾಗ ಬಾಡಿಗೆಯ ಮಾತೆತ್ತಲಿಲ್ಲ.

ಅಲ್ಲಿಯೇ ನನ್ನ ತೊಡಕು. ಆಯಿ ಕೊಟ್ಟ ಆ ಪ್ರೀತಿ ನನಗೆ ಸಂದದ್ದೋ, ನಾನು ಕಟ್ಟೆಯ ಮೇಲೆ ಕೊಟ್ಟ ಉತ್ತರಕ್ಕೆ ಸಂದದ್ದೋ? ನಾನು ಬೇರೆ ಮನೆಯಲ್ಲಿ ಹುಟ್ಟಿದ್ದರೆ ಇದೇ ಸ್ವಭಾವ, ಇದೇ ಮುಖ, ಇದೇ ಜ್ವರದ ಮಗು ಇದ್ದರೂ ಆ ಮೂರು ರಾತ್ರಿ ನನಗೆ ಸಿಗುತ್ತಿರಲಿಲ್ಲ. ಹಾಗೆಂದು ಆ ಪ್ರೀತಿಯನ್ನು ಸುಳ್ಳೆನ್ನಲಾರೆ. ಅದು ನಿಜವಾದ ಪ್ರೀತಿಯೇ. ಆದರೆ ಜರಡಿಯಲ್ಲಿ ಸೋಸಿ ಬಂದದ್ದು. ಕೆಳಗೆ ಬಿದ್ದ ಹಿಟ್ಟಿನಿಂದ ರೊಟ್ಟಿ ಬಡಿದು ಉಂಡವಳು ನಾನು. ಜರಡಿಯಲ್ಲಿ ಏನು ಉಳಿಯಿತೆಂದು ತಿರುಗಿ ನೋಡಲಿಲ್ಲ.

ಗರಗದ ಹೆಸರನ್ನು ನಮ್ಮ ಕಡೆಯವರು ಖಾದಿಯ ಜೊತೆಗೆ ಹೇಳುತ್ತಾರೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಆ ಕಾಲದಲ್ಲಿ ಧ್ವಜಕ್ಕೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೇ ಆಗಬೇಕಿತ್ತು. ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಬಂದದ್ದು 2021ರ ಡಿಸೆಂಬರಿನಲ್ಲಿ. ನೂಲುವವರಲ್ಲಿ, ನೇಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಮಕ್ಕಳು ನಮ್ಮ ಶಾಲೆಯಲ್ಲಿದ್ದರು. ಪ್ರತಿ ಆಗಸ್ಟ್ 15ಕ್ಕೆ ಗೆಳತಿ ಆ ಮಕ್ಕಳನ್ನು ಮುಂದೆ ನಿಲ್ಲಿಸಿ, “ಈ ಬಟ್ಟಿ ನಮ್ಮೂರಾಗ ನಿಮ್ಮ ಅವ್ವಾರು ನೇಯ್ತಾರ, ನೆನಪಿಟ್ಟುಕೋರಿ” ಎಂದು ಹೇಳುತ್ತಿದ್ದಳು. ‘ನಮ್ಮೂರು’ ಎಂದೇ ಹೇಳುತ್ತಿದ್ದಳು. ಸಂಜೆಯ ಬಸ್ಸಿಗೆ ಧಾರವಾಡಕ್ಕೆ ಹೋಗುತ್ತಿದ್ದಳು.

ಇದು ಗರಗವೊಂದರ ದೋಷವಲ್ಲ. ಧಾರವಾಡದಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಪ್ರಶ್ನೆ ಇದೇ, ಉಡುಪು ಬೇರೆ. ಅದನ್ನು ನಾನು ಕಲಿತದ್ದು ನನ್ನ ಬಾಯಿಂದಲೇ.

ನಾವು ಧಾರವಾಡದ ಸಪ್ತಾಪುರದ ಕಡೆ ಮನೆ ಕಟ್ಟಿಸಿ ಮಾಳಿಗೆಯ ಮೇಲಿನದನ್ನು ಬಾಡಿಗೆಗೆ ಕೊಡುತ್ತ ಬಂದಿದ್ದೇವೆ. 2023ರ ಮಳೆಗಾಲದಲ್ಲಿ ಒಬ್ಬ ಹುಡುಗ ಫೋನ್ ಮಾಡಿದ. ಹೊಸದಾಗಿ ಕೆಲಸ ಸಿಕ್ಕಿತ್ತು, ತಾಯಿಯನ್ನು ಕರೆತರುವವನಿದ್ದ. ನಾನು ಯಾವ ಮಂದಿ ಎಂದು ಕೇಳಲಿಲ್ಲ. ಹಾಗೆ ಕೇಳುವವಳಲ್ಲ ಎಂಬ ಹೆಮ್ಮೆ ನನಗಿತ್ತು. “ಮನ್ಯಾಗ ಅಡಗಿ ಮಾಡ್ಕೋತೀರೇನಪಾ? ಊಟಕ್ಕ ಏನೇನು ನಡೀತೈತಿ?” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಕೇಳಬೇಕಾದ್ದನ್ನ ನೇರ ಕೇಳ್ರಿ. ಹೇಳ್ತೀನಿ” ಎಂದ. ನನಗೆ ಬಾಯಿ ಕಟ್ಟಿತು. ಗಂಡನನ್ನು ಕೇಳಿ ತಿಳಿಸುತ್ತೇನೆ ಎಂದು ಫೋನಿಟ್ಟೆ. ಗಂಡ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು. ಅವತ್ತು ಆಯಿಯ ತಂಗಿಯ ಮಗ ನಮ್ಮ ಮನೆಗೂ ಬಂದಂತಾಯಿತು.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಆ ಹುಡುಗನಿಗೆ ಫೋನ್ ಮಾಡಿದೆ. ಬೇರೆ ಕಡೆ ಸಿಕ್ಕಿತೆಂದು ಹೇಳಿದ. ಸಿಕ್ಕಿತ್ತೋ ಇಲ್ಲವೋ.

ಕಾನೂನು ಇಲ್ಲವೆಂದಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ಯಾವುದೇ ಓಣಿಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಡ್ಡಿ ಮಾಡುವುದು ಅಪರಾಧ. ಆದರೆ ಕಾನೂನು ಕಾರಣವನ್ನು ಹುಡುಕುತ್ತದೆ. ನಾವು ಕಾರಣವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ತಂಗಿಯ ಮಗ, ಗಂಡನ ಒಪ್ಪಿಗೆ, ಬಣ್ಣ ಹೊಡೆಸಬೇಕಾಗಿದೆ, ಹೀಗೆ ಏನೋ ಒಂದು.

ನನ್ನ ಅಣ್ಣನ ಮಗಳು ನೆದರ್‌ಲ್ಯಾಂಡ್ಸಿನಲ್ಲಿದ್ದಾಳೆ. ಅಮರ್ಸ್‌ಫೋರ್ಟ್ ಎಂಬ ನಡುವಳತೆಯ ಊರಿನಲ್ಲಿ ಬಾಡಿಗೆಗಿದ್ದು, ದಿನಾ ರೈಲಿನಲ್ಲಿ ಬೇರೆ ಊರಿಗೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಅವಳಿಗೆ ಇದನ್ನೆಲ್ಲ ಹೇಳಿದಾಗ ಅಲ್ಲಿ 2023ರ ಜುಲೈ 1ರಿಂದ ಬಂದ ಕಾನೂನಿನ ಮಾತು ಹೇಳಿದಳು. ಮನೆ ಕೊಡುವವರು ಯಾವ ಲೆಕ್ಕದಿಂದ ಬಾಡಿಗೆದಾರರನ್ನು ಆರಿಸುತ್ತೇವೆಂದು ಮೊದಲೇ ತಿಳಿಸಬೇಕಂತೆ. ಬೇಡವೆಂದವರಿಗೆ ಏಕೆ ಬೇಡವೆಂದು ಹೇಳಬೇಕಂತೆ. ಮುಂಗಡ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲವಂತೆ. “ಹಂಗಾದ್ರ ಅಲ್ಲಿ ತ್ರಾಸಿಲ್ಲೇನವಾ?” ಎಂದೆ. “ಇಲ್ಲೇನ ಅತ್ತಿ, ನಮ್ಮಂಥವರ ಹೆಸರು ನೋಡಿ ಉತ್ತರಾನ ಬರಿಯದವರು ಇಲ್ಲೂ ಅದಾರ” ಎಂದಳು. ಬೇರೆ ದೇಶಕ್ಕೆ ಹೋದ ಕೂಡಲೇ ನಮ್ಮ ಹುಡುಗಿಯೂ ಜರಡಿಯಲ್ಲಿ ಉಳಿಯುವವರ ಸಾಲಿಗೆ ಸೇರಿದ್ದಳು. ಅದನ್ನು ಕೇಳಿ ನನಗೆ ಸಿಟ್ಟು ಬಂತು. 1994ರಲ್ಲಿ ಗೆಳತಿಗಾಗಿ ಬರದಿದ್ದ ಸಿಟ್ಟು ಅಣ್ಣನ ಮಗಳಿಗಾಗಿ ಬಂದದ್ದನ್ನು ನೋಡಿ ನಾಚಿಕೆಯೂ ಆಯಿತು.

ಗೆಳತಿ ಈಗ ನಿವೃತ್ತಳಾಗಿ ಧಾರವಾಡದಲ್ಲೇ ಇದ್ದಾಳೆ. ಸ್ವಂತ ಮನೆ. ಒಂದು ಮಧ್ಯಾಹ್ನ ಹೋಗಿ ಕೂತು, ಮೂವತ್ತು ವರ್ಷ ಆಡದ ಮಾತನ್ನು ಆಡಿದೆ. “ಅವತ್ತ ನಾನೂ ಆ ಮನಿ ಬ್ಯಾಡ ಅಂದು ನಿಮ್ಮ ಜೋಡಿ ಎದ್ದ ಬರಬೇಕಾಗಿತ್ತು” ಎಂದೆ.

ಅವಳು ಶೇಂಗಾ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಎದ್ದ ಬಂದಿದ್ರ ನನಗೇನ ಸಿಗತಿತ್ರೀ? ಇಬ್ಬರೂ ಬಸ್ಸಿನ್ಯಾಗ ನಿಂತು ಹೋಗತಿದ್ವಿ, ಅಷ್ಟ. ನಿಮ್ಮ ಮಗಳಿಗೂ ತ್ರಾಸ ಆಗತಿತ್ತು. ಅದನ್ನ ನಾ ಎಂದೂ ಬಯಸಿಲ್ಲ” ಎಂದಳು. ಆಮೇಲೆ ಹೇಳಿದಳು: “ಆದ್ರ ಬಾಜೂ ಮನಿ ದೀಪಾವಳಿ ತನಕ ಖಾಲಿ ಇತ್ತಲ್ರಿ. ಆಯಿ ನಿಮ್ಮ ಮಾತು ಕೇಳ್ತಿದ್ರು. ‘ತಂಗಿ ಮಗಾ ಯಾವಾಗ ಬರ್ತಾನ್ರೀ ಆಯಿ?’ ಅಂತ ಒಂದ ಸಲಾ ಕೇಳಬಹುದಾಗಿತ್ತು.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷ ನಾನು ನನ್ನ ತಪ್ಪನ್ನು ದೊಡ್ಡದು ಮಾಡಿ ಇಟ್ಟುಕೊಂಡಿದ್ದೆ. ಮನೆ ಬಿಡಬೇಕಿತ್ತು, ಜಗಳ ಕಾಯಬೇಕಿತ್ತು, ಲೋಕವನ್ನೇ ತಿದ್ದಬೇಕಿತ್ತು ಎಂದು. ಅಷ್ಟು ದೊಡ್ಡದು ನನ್ನಂಥವಳಿಂದ ಆಗುವುದಲ್ಲವೆಂದು ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ಸಣ್ಣದು. ಐದು ತಿಂಗಳಲ್ಲಿ ಯಾವ ಸಂಜೆಯಾದರೂ ಕಟ್ಟೆಯ ಮೇಲೆ ಕೂತು ಕೇಳಬಹುದಾಗಿದ್ದ ಒಂದು ಮಾತು. ಆಯಿ ಒಪ್ಪುತ್ತಿದ್ದರೋ ಇಲ್ಲವೋ ಹೇಳಲಾರೆ. ಆದರೆ ಅವರ ಪ್ರೀತಿಯ ಬಲ ನನ್ನ ಕೈಯಲ್ಲಿತ್ತು. ಅದನ್ನು ರೊಟ್ಟಿಗೆ, ಪಲ್ಯಕ್ಕೆ, ಬಾಡಿಗೆಯ ವಾಯಿದೆಗೆ ಖರ್ಚು ಮಾಡಿದೆ. ಗೆಳತಿಗಾಗಿ ಒಂದು ಕಾಸೂ ಖರ್ಚು ಮಾಡಲಿಲ್ಲ. ನಾವು ಹೆಣ್ಣುಮಕ್ಕಳು ಯಾವ ಕಾನೂನನ್ನೂ ಬರೆಯಲಿಕ್ಕಿಲ್ಲ. ಆದರೆ ಯಾರ ಮನೆಯಲ್ಲಿ ನಮ್ಮ ಮಾತು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುತ್ತದೆ.

ಈಗ ನಮ್ಮ ಮನೆ ಖಾಲಿಯಾದರೆ ಗೇಟಿಗೆ ಬೋರ್ಡು ತೂಗುಹಾಕುತ್ತೇನೆ. ಬಾಡಿಗೆ ಇಷ್ಟು, ಮುಂಗಡ ಎರಡು ತಿಂಗಳದ್ದು, ಮೊದಲು ಬಂದವರಿಗೆ ಮನೆ. ಬಾಗಿಲಿಗೆ ಬಂದವರ ಮುಖ ನೋಡಿದ ಮೇಲೆ ನನ್ನ ಮೇಲೆ ನನಗೆ ನಂಬಿಕೆ ಇಲ್ಲದ್ದರಿಂದ ಯಾರೂ ಬರುವ ಮೊದಲೇ ಎಲ್ಲವನ್ನೂ ಬರೆದಿಡುತ್ತೇನೆ. “ವಿಚಾರಿಸಿ ಕೊಟ್ಟಿದ್ರ ಛಲೋ ಆಗತಿತ್ತು” ಎಂದು ನೆರೆಯವರು ಒಂದೆರಡು ಸಲ ಅಂದರು. ನಾದಿನಿ ಆರು ತಿಂಗಳು ಊಟಕ್ಕೆ ಬರಲಿಲ್ಲ.

ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಆಗಬೇಕಾಗುತ್ತದೆಂದು ಎಲ್ಲರೂ ಹಾಗೇ ಮಾಡುತ್ತಾರೆ. ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಬಳಕೆಯಿಂದಾಗುವ ಸಹಜ ಸವೆತವನ್ನು ಬಿಟ್ಟು, ಎಂಬ ಮಾತು ಅದರಲ್ಲಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇರುವ ಮಾತು. ಮೇಲಿನ ಮನೆಯಿಂದ ರವಿವಾರ ಒಮ್ಮೊಮ್ಮೆ ನನಗೆ ರೂಢಿಯಿಲ್ಲದ ವಾಸನೆ ಬರುತ್ತದೆ. ಬರುವುದಿಲ್ಲವೆಂದರೆ ಸುಳ್ಳಾಗುತ್ತದೆ. ಕಿಟಕಿ ಹಾಕಿಕೊಳ್ಳುತ್ತೇನೆ, ಹೊತ್ತು ಹೋದ ಮೇಲೆ ತೆಗೆಯುತ್ತೇನೆ. ಮನೆ ಬೇರೆಯವರಿಗೆ ಕೊಟ್ಟ ಮೇಲೆ ಗೋಡೆ ಸವೆಯುತ್ತದೆಂದು ಒಪ್ಪಿದವಳು ನನ್ನ ರೂಢಿಯೂ ಅಷ್ಟಿಷ್ಟು ಸವೆಯುತ್ತದೆಂದು ಒಪ್ಪಬೇಕು.

ಹೋದ ತಿಂಗಳು ಗೆಳತಿ ನಮ್ಮಲ್ಲಿಗೆ ಬಂದಿದ್ದಳು. ಮೇಲಿನ ಮನೆಯ ತಾಯಿ ಮೆಟ್ಟಿಲ ಮೇಲೆ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದರು. ನಾನು ಪರಿಚಯ ಮಾಡಿಸಿದೆ. ಗೆಳತಿ ಅವರನ್ನು ಕೇಳಿದ ಮೊದಲ ಪ್ರಶ್ನೆ: “ನೀರು ಎಷ್ಟೊತ್ತಿಗೆ ಬರತೈತ್ರಿ?”